ಮರಕೆತ್ತನೆಯ ಸಿಎನ್‌ಸಿ ಯಂತ್ರ: ಉಪಯಂತ್ರಗಳ ಸ್ವಯಂಚಾಲನೆ ಮತ್ತು ಪಂಚಾಯತಿಯ ಅನುಮತಿ ಷರತ್ತುಗಳು

ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಭ್ಯಾಸ ಲೇಖನ



ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 66ನೇ ಪ್ರಕರಣದ ಅನ್ವಯ, ವಿದ್ಯುತ್ ಅಥವಾ ಇತರ ಯಾಂತ್ರಿಕ ಶಕ್ತಿಯಿಂದ ನಡೆಯುವ ಕಾರ್ಯಾಗಾರವನ್ನು ಸ್ಥಾಪಿಸುವುದಕ್ಕೂ ಯಂತ್ರವನ್ನು ಅಳವಡಿಸುವುದಕ್ಕೂ ಗ್ರಾಮ ಪಂಚಾಯತಿಯ ಅನುಮತಿ ಬೇಕು. ಆ ಅನುಮತಿಯನ್ನು ಷರತ್ತುಗಳೊಡನೆ ನೀಡುವ ಅಧಿಕಾರ ಪಂಚಾಯತಿಗಿದೆ. ಹಿಟ್ಟಿನ ಗಿರಣಿ, ಖಾರದ ಪುಡಿ ಯಂತ್ರ, ವೆಲ್ಡಿಂಗ್ ಶೆಡ್ಡು ಇವುಗಳ ಅರ್ಜಿಗಳು ನಮಗೆ ಹಳೆಯ ಪರಿಚಯ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಬಾಗಿಲು, ದೇವರ ಮನೆ, ಮಂಚ ಮಾಡುವ ಬಡಗಿಗಳು ಕಂಪ್ಯೂಟರ್ ಆಜ್ಞೆಯಂತೆ ಮರ ಕೆತ್ತುವ ಸಿಎನ್‌ಸಿ ಯಂತ್ರದತ್ತ ತಿರುಗಿದಂತೆ, ಆ ಯಂತ್ರದ ಅರ್ಜಿಯೂ ಸಾಮಾನ್ಯ ಸಭೆಯ ಮುಂದೆ ಬರುತ್ತದೆ.

ಅಂತಹ ಅರ್ಜಿ ಬಂದಾಗ ಸಭೆಯು ಸಾಮಾನ್ಯವಾಗಿ ಎರಡು ಪಕ್ಷವಾಗುತ್ತದೆ. ಸ್ವಂತ ದುಡಿಮೆ ಮಾಡಿಕೊಳ್ಳುವ ಹುಡುಗ, ಕೊಟ್ಟುಬಿಡೋಣ ಎನ್ನುವವರು ಒಂದು ಕಡೆ; ಪಕ್ಕದ ಮನೆಯವರ ತಕರಾರಿದೆ, ಧೂಳು ಮತ್ತು ಸದ್ದು ತಡೆಯಲಾಗದು ಎನ್ನುವವರು ಇನ್ನೊಂದು ಕಡೆ. ಕೊನೆಗೆ ‘ನೆರೆಹೊರೆಯವರಿಗೆ ತೊಂದರೆಯಾಗದಂತೆ ನಡೆಸತಕ್ಕದ್ದು’ ಎಂಬ ಒಂದು ಸಾಲಿನ ಷರತ್ತಿನೊಡನೆ ನಿರ್ಣಯವಾಗುತ್ತದೆ. ಈ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ಮುಂದೆ ದೂರು ಬಂದಾಗ ತೊಂದರೆ ಆಯಿತೇ ಇಲ್ಲವೇ ಎಂಬುದೇ ವಾದವಾಗುತ್ತದೆ, ಅಳೆಯಲು ಕೋಲಿರುವುದಿಲ್ಲ. ಯಂತ್ರದ ಉಪಯಂತ್ರಗಳು ಒಂದಕ್ಕೊಂದು ಹೇಗೆ ಜೋಡಣೆಯಾಗುತ್ತವೆ ಎಂಬುದನ್ನು ಸದಸ್ಯರು ಸ್ಥೂಲವಾಗಿ ತಿಳಿದರೆ, ಸ್ಥಳದಲ್ಲಿಯೇ ಪರೀಕ್ಷಿಸಬಹುದಾದ ಷರತ್ತನ್ನು ಬರೆಯಬಹುದು. ಈ ಪಾಠದ ಉದ್ದೇಶ ಅಷ್ಟೇ.

ಯಂತ್ರದ ಪರಿಚಯ

ಒಂದು ಮೇಜು, ಅದರ ಮೇಲೆ ಉದ್ದ, ಅಗಲ, ಎತ್ತರ ಈ ಮೂರು ದಿಕ್ಕುಗಳಲ್ಲಿ ಚಲಿಸುವ ಒಂದು ತಲೆ, ಆ ತಲೆಯಲ್ಲಿ ವೇಗವಾಗಿ ತಿರುಗುವ ಸ್ಪಿಂಡಲ್, ಅದರ ತುದಿಯಲ್ಲಿ ಕೊರೆಯುವ ಬಿಟ್ಟು. ಹವ್ಯಾಸಕ್ಕೆಂದು ಮಾರಾಟವಾಗುವ ಸಣ್ಣ ಯಂತ್ರದ ಕೆಲಸದ ಜಾಗ ಒಂದು ಅಡಿಯಷ್ಟಿರಬಹುದು. ಬಾಗಿಲು ಕೆತ್ತುವ ಯಂತ್ರದ ಮೇಜು 4 ಅಡಿ ಅಗಲ, 8 ಅಡಿ ಉದ್ದವಿರುತ್ತದೆ. ಎರಡರ ತತ್ವವೂ ಒಂದೇ.

ತಲೆಯನ್ನು ಚಲಿಸುವುದು ಸ್ಟೆಪ್ಪರ್ ಮೋಟಾರು. ಇದು ನಮ್ಮ ಪಂಪಿನ ಮೋಟಾರಿನಂತೆ ಒಂದೇ ಸಮನೆ ತಿರುಗದೆ ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಸಾಮಾನ್ಯ ಸ್ಟೆಪ್ಪರಿಗೆ ಒಂದು ಸುತ್ತಿಗೆ 200 ಹೆಜ್ಜೆ. ಚಾಲಕ ಮಂಡಲಿಯು ಪ್ರತಿ ಹೆಜ್ಜೆಯನ್ನು 16 ಭಾಗ ಮಾಡಿದರೆ ಸುತ್ತಿಗೆ 3200 ಭಾಗ. ಒಂದು ಸುತ್ತಿಗೆ 5 ಮಿಲಿಮೀಟರ್ ಮುಂದೆ ಸಾಗುವ ತಿರುಪು ಇದ್ದರೆ ಒಂದು ಮಿಲಿಮೀಟರಿಗೆ 640 ಭಾಗ. ಯಂತ್ರದ ಕೈ ಇಷ್ಟು ಸೂಕ್ಷ್ಮವಾಗಿರುವುದು ಈ ಲೆಕ್ಕದಿಂದಲೇ.

ಹೆಜ್ಜೆಗಳನ್ನು ಎಣಿಸಿ ಕೊಡುವುದು ನಿಯಂತ್ರಕ, ಅಂದರೆ ಕಂಟ್ರೋಲರ್. ಇದು ಜಿ ಕೋಡ್ ಎಂಬ ಸಾಲುಗಳನ್ನು ಓದುತ್ತದೆ. ‘ಜಿ’ ಇಂದ ಆರಂಭವಾಗುವ ಸಾಲುಗಳು ಮುಖ್ಯವಾಗಿ ಚಲನೆಗೆ, ‘ಎಂ’ ಇಂದ ಆರಂಭವಾಗುವವು ಉಪಯಂತ್ರಗಳಿಗೆ. ಎಂ 3 ಎಂದರೆ ಸ್ಪಿಂಡಲ್ ತಿರುಗಿಸು, ಎಂ 5 ಎಂದರೆ ನಿಲ್ಲಿಸು. ಎಂ 8 ಎಂದರೆ ತಂಪುನೀರಿನ ಕವಾಟ ತೆರೆ, ಎಂ 9 ಎಂದರೆ ಮುಚ್ಚು. ಮರಗೆಲಸದಲ್ಲಿ ತಂಪುನೀರಿಗೆ ಕೆಲಸವಿಲ್ಲದ ಕಾರಣ ಎಂ 8ರ ತಂತಿಯನ್ನು ಧೂಳು ಹೀರುವ ಯಂತ್ರಕ್ಕೆ ಜೋಡಿಸುವುದು ರೂಢಿ. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೊಗ್ಸ್‌ರುಡ್ ಅವರು ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶವನ್ನು ಬಿಡುಗಡೆ ಮಾಡಿದ ಮೇಲೆ ಆರ್ಡುಯಿನೋ ಎಂಬ ಅಂಗೈಯಗಲದ ಸರ್ಕಿಟ್ ಹಲಗೆಯೇ ನಿಯಂತ್ರಕವಾಗಲು ಸಾಧ್ಯವಾಯಿತು. ಅಲ್ಲಿಯವರೆಗೆ ಕಾರ್ಖಾನೆಯಲ್ಲಿ ಮಾತ್ರ ಕಾಣುತ್ತಿದ್ದ ವಿದ್ಯೆ ಹಳ್ಳಿಯ ಶೆಡ್ಡಿಗೆ ಬಂದದ್ದರಲ್ಲಿ ಇದರ ಪಾಲು ದೊಡ್ಡದು.

ಯಂತ್ರ ಬಂದರೆ ಕೈಕೆಲಸ ಕೆಟ್ಟಿತು ಎಂಬ ಮಾತು ಸಭೆಯಲ್ಲಿ ಬರುವುದುಂಟು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದ ನವರಂಗಕ್ಕೆ ಹೋದರೆ ತಿರುಗಣೆಯಲ್ಲಿ ಕಡೆದ ನುಣುಪಾದ ಕಂಬಗಳನ್ನು ನೋಡಬಹುದು. ಹೊರಗೋಡೆಯ ಮೂರ್ತಿಗಳನ್ನು ಉಳಿಯಿಂದ ಬಿಡಿಸಿದ ಬೈಚೋಜ, ಮಲ್ಲಿತಮ್ಮರ ಕಾಲದಲ್ಲಿಯೂ ಕಂಬಕ್ಕೆ ಯಂತ್ರವೇ ಬೇಕಾಯಿತು. ಅದಿರಲಿ.

ಕೈಯಿಂದ ನಡೆಸಿದರೆ ಏನಾಗುತ್ತದೆ

ಸ್ಪಿಂಡಲ್, ಧೂಳು ಹೀರುವ ಯಂತ್ರ, ಸ್ಪಿಂಡಲನ್ನು ತಂಪಾಗಿಡುವ ನೀರಿನ ಪಂಪು, ಬಿಟ್ಟಿನ ಎತ್ತರ ಅಳೆಯುವ ತಟ್ಟೆ, ದೀಪ ಇವೇ ಮುಖ್ಯ ಉಪಯಂತ್ರಗಳು. ಹೊಸದಾಗಿ ಆರಂಭಿಸುವವರು ಇವೆಲ್ಲಕ್ಕೂ ಗೋಡೆಯ ಮೇಲೆ ಬೇರೆ ಬೇರೆ ಸ್ವಿಚ್ಚು ಇಟ್ಟುಕೊಳ್ಳುತ್ತಾರೆ. ಒಂದು ಬಾಗಿಲಿನ ಕೆತ್ತನೆ ಹಲವು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಯಾರೂ ಯಂತ್ರದ ಮುಂದೆ ನಿಂತಿರುವುದಿಲ್ಲ. ನೀರಿನ ಪಂಪು ಹಾಕಲು ಮರೆತರೆ ಸ್ಪಿಂಡಲ್ ಸುಡುತ್ತದೆ. ಆ ನಷ್ಟ ಮಾಲೀಕನದು, ಆದ್ದರಿಂದ ಅದನ್ನು ಅವನು ಮರೆಯುವುದು ಕಡಿಮೆ. ಧೂಳು ಹೀರುವ ಯಂತ್ರ ಹಾಕದಿದ್ದರೆ ನಷ್ಟ ಪಕ್ಕದ ಮನೆಯದು. ಅನೇಕ ಕಾರ್ಯಾಗಾರಗಳಲ್ಲಿ ಹೀರುವ ಯಂತ್ರದ ಸದ್ದು ಕೆತ್ತುವ ಯಂತ್ರದ ಸದ್ದಿಗಿಂತ ಹೆಚ್ಚು. ಸದ್ದಿನ ದೂರು ಬಂದೊಡನೆ ಮಾಲೀಕನು ಅದನ್ನೇ ಆರಿಸುತ್ತಾನೆ. ಸದ್ದು ತಗ್ಗುತ್ತದೆ, ಧೂಳು ಹೊರಡುತ್ತದೆ. ಒಂದು ದೂರಿನ ಪರಿಹಾರವೇ ಇನ್ನೊಂದು ದೂರಿನ ಮೂಲ.

ಮರದ ಧೂಳನ್ನು ಬರಿಯ ಕಸವೆಂದು ಎಣಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿನಲ್ಲಿ ಸೇರಿಸಿದೆ. ಎಂಡಿಎಫ್ ಹಲಗೆಯಲ್ಲಿ ಅಂಟಿನ ರೂಪದಲ್ಲಿರುವ ಫಾರ್ಮಾಲ್ಡಿಹೈಡ್ ಕೂಡ ಅದೇ ಗುಂಪಿನಲ್ಲಿದೆ. ಕಣ್ಣಿಗೆ ಕಾಣುವ ಹೊಟ್ಟಿಗಿಂತ ಕಾಣದ ನುಣ್ಣನೆಯ ಧೂಳೇ ಶ್ವಾಸಕೋಶದ ಆಳಕ್ಕೆ ಇಳಿಯುವುದು. ಶೆಡ್ಡಿನ ಮಗ್ಗುಲಲ್ಲಿ ಅಂಗನವಾಡಿಯಿದ್ದರೆ ಸದಸ್ಯರು ಇದನ್ನು ನೆನಪಿಡಬೇಕು.

ಆದ್ದರಿಂದ ಮುಖ್ಯ ಪ್ರಶ್ನೆ ‘ಧೂಳು ಹೀರುವ ಯಂತ್ರ ಇದೆಯೇ?’ ಎಂಬುದಲ್ಲ. ‘ಅದು ಓಡದೆ ಸ್ಪಿಂಡಲ್ ತಿರುಗಲು ಸಾಧ್ಯವೇ?’ ಎಂಬುದು.

ಜೋಡಣೆಯ ಸರಪಳಿ

ನಿಯಂತ್ರಕದ ತಂತಿಯಿಂದ ಹೊರಬರುವುದು 5 ವೋಲ್ಟ್, ಸುಮಾರು 20 ಮಿಲಿ ಆಂಪಿಯರ್. 40 ಮಿಲಿ ಆಂಪಿಯರ್ ದಾಟಿದರೆ ಹಲಗೆಯೇ ಹಾಳು. 2 ಅಶ್ವಶಕ್ತಿಯ ಹೀರುವ ಯಂತ್ರ ಒಂದು ಫೇಸಿನಲ್ಲಿ ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಈ ಎರಡರ ನಡುವಿನ ಅಂತರವನ್ನು ಒಂದೇ ಜಿಗಿತದಲ್ಲಿ ದಾಟಲಾಗದು, ಮೆಟ್ಟಿಲು ಬೇಕು. ನಿಯಂತ್ರಕವು ರಿಲೇ ಮಾಡ್ಯೂಲನ್ನು ನಡೆಸಬೇಕು. ರಿಲೇಯು ಕಾಂಟಾಕ್ಟರಿನ ಕಾಯಿಲನ್ನು ನಡೆಸಬೇಕು. ಕಾಂಟಾಕ್ಟರು ಓವರ್‌ಲೋಡ್ ರಿಲೇಯ ಮೂಲಕ ಮೋಟಾರನ್ನು ನಡೆಸಬೇಕು. ನಮ್ಮ ಕುಡಿಯುವ ನೀರಿನ ಪಂಪ್‌ಹೌಸಿನ ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಕೊನೆಯ ಎರಡು ಮೆಟ್ಟಿಲುಗಳು ಅಲ್ಲಿಯೇ ಕಾಣುತ್ತವೆ. ನೀರುಗಂಟಿಯ ಬೆರಳು ಹಸಿರು ಗುಂಡಿಯಲ್ಲಿ ಮಾಡುವ ಕೆಲಸವನ್ನು ಇಲ್ಲಿ ಎಂ 8 ಎಂಬ ಸಾಲು ಮಾಡುತ್ತದೆ.

ಹಣ ಉಳಿಸಲು ನಡುವಿನ ಕಾಂಟಾಕ್ಟರನ್ನು ಬಿಡುವವರಿದ್ದಾರೆ. ನೂರಿನ್ನೂರು ರೂಪಾಯಿಯ ರಿಲೇ ಮಾಡ್ಯೂಲಿನ ಮೇಲೆ 10 ಆಂಪಿಯರ್ ಎಂದು ಅಚ್ಚಾಗಿರುತ್ತದೆ, ಮೋಟಾರಿನದೂ 10 ಆಂಪಿಯರ್, ಸರಿಹೋಯಿತಲ್ಲ ಎಂಬುದು ಅವರ ಲೆಕ್ಕ. ಹೊರಡುವ ಕ್ಷಣದ ಸೆಳೆತವನ್ನು ಆ ಲೆಕ್ಕದಲ್ಲಿ ಹಿಡಿದಿಲ್ಲ. ನಾನು ನೋಡಿದ ಒಂದು ಕಾರ್ಯಾಗಾರದಲ್ಲಿ ರಿಲೇಯ ಒಳಗಿನ ಎರಡು ತುಟಿಗಳು ಕಿಡಿಯಿಂದ ಬೆಸೆದುಹೋಗಿ, ನಿಯಂತ್ರಕವು ‘ನಿಲ್ಲು’ ಎಂದರೂ ಹೀರುವ ಯಂತ್ರ ಓಡುತ್ತಲೇ ಇತ್ತು. ಅಲ್ಲಿ ಬೆಸೆದದ್ದು ಹೀರುವ ಯಂತ್ರದ ರಿಲೇ. ಸ್ಪಿಂಡಲಿನದಾಗಿದ್ದರೆ, ಬಿಟ್ಟು ಬದಲಿಸಲು ಕೈಹಾಕಿದವನ ಬೆರಳಿನ ಮಾತು.

ಕ್ರಮವೂ ಮುಖ್ಯ. ಮೊದಲು ಹೀರುವ ಯಂತ್ರ, ಎರಡು ಮೂರು ಸೆಕೆಂಡಿನ ತರುವಾಯ ಸ್ಪಿಂಡಲ್, ಅದು ಪೂರ್ಣ ವೇಗಕ್ಕೆ ಬಂದ ಮೇಲೆ ಕೆತ್ತನೆ. ಎರಡೂ ಮೋಟಾರು ಒಟ್ಟಿಗೆ ಹೊರಟರೆ ಹಳ್ಳಿಯ ಲೈನಿನಲ್ಲಿ ವೋಲ್ಟೇಜು ಕುಸಿದು ನಿಯಂತ್ರಕವೇ ಮರುಹುಟ್ಟು ಪಡೆಯುವುದುಂಟು. ಆಗ ತಲೆ ಎಲ್ಲಿತ್ತೆಂಬ ಲೆಕ್ಕ ತಪ್ಪಿ ಆ ಬಾಗಿಲು ಸೌದೆಯಾಗುತ್ತದೆ. ಜಿಆರ್‌ಬಿಎಲ್‌ನಲ್ಲಿ ಈ ಕ್ರಮವನ್ನು ಎಂ 8, ಜಿ 4 ಪಿ 3, ಎಂ 3 ಎಸ್ 18000, ಜಿ 4 ಪಿ 5 ಎಂಬ ನಾಲ್ಕು ಸಾಲುಗಳಲ್ಲಿ ಬರೆಯಬಹುದು. ಜಿ 4 ಎಂದರೆ ಕಾಯಿ, ಪಿ ಎಂದರೆ ಎಷ್ಟು ಸೆಕೆಂಡು, ಎಸ್ ಎಂದರೆ ನಿಮಿಷಕ್ಕೆ ಎಷ್ಟು ಸುತ್ತು. ಮುಗಿಯುವಾಗ ಎಂ 5, ಜಿ 4 ಪಿ 15, ಎಂ 9: ಸ್ಪಿಂಡಲ್ ನಿಂತ ಮೇಲೂ ಹದಿನೈದು ಸೆಕೆಂಡು ಹೀರುವಿಕೆ, ಗಾಳಿಯಲ್ಲಿ ಉಳಿದ ಧೂಳಿಗಾಗಿ. ಬೇರೆ ಕೆಲವು ನಿಯಂತ್ರಕಗಳಲ್ಲಿ ಪಿ ಎಂಬುದು ಸೆಕೆಂಡಿನ ಸಾವಿರದ ಒಂದು ಭಾಗವನ್ನು ಸೂಚಿಸುತ್ತದೆ. ಅಲ್ಲಿ ‘3’ ಎಂದು ಬರೆದರೆ ಕಾಯುವಿಕೆ ಇಲ್ಲದಂತೆಯೇ ಸರಿ.

ಪಂಚಾಯತಿಯ ದೃಷ್ಟಿಯಿಂದ ಒಂದು ಮಾತು ಇಲ್ಲಿ ಹೇಳಲೇಬೇಕು. ಕಾರ್ಯಕ್ರಮದ ಸಾಲುಗಳನ್ನು ನಂಬಿ ಅನುಮತಿ ಕೊಡಬಾರದು. ಬೆಂಗಳೂರಿನಿಂದಲೋ ಮೊಬೈಲಿನಿಂದಲೋ ತಂದ ವಿನ್ಯಾಸದ ಕಡತದಲ್ಲಿ ಎಂ 8 ಎಂಬ ಸಾಲು ಇಲ್ಲದಿರಬಹುದು; ಇದ್ದರೂ ಅಳಿಸಲು ಒಂದು ಕ್ಷಣ ಸಾಕು. ನಾವು ಕೇಳಬೇಕಾದದ್ದು ತಂತಿಯಲ್ಲಿರುವ ಬೀಗ. ಹೀರುವ ಯಂತ್ರದ ಕಾಂಟಾಕ್ಟರಿನಲ್ಲಿ ಮುಖ್ಯ ಸಂಪರ್ಕಗಳ ಜೊತೆಗೆ ಒಂದು ಸಹಾಯಕ ಸಂಪರ್ಕವಿರುತ್ತದೆ; ಕಾಂಟಾಕ್ಟರು ಹಿಡಿದಾಗ ಅದು ಕೂಡುತ್ತದೆ, ಬಿಟ್ಟಾಗ ಬಿಡುತ್ತದೆ. ಸ್ಪಿಂಡಲಿನ ವೇಗ ನಿಯಂತ್ರಕವಾದ ವಿಎಫ್‌ಡಿಗೆ ‘ಓಡು’ ಎಂದು ಹೇಳುವ ತಂತಿಯನ್ನು ಈ ಸಹಾಯಕ ಸಂಪರ್ಕದ ಮೂಲಕ ಹಾಯಿಸಿದರೆ ಮುಗಿಯಿತು. ಹೀರುವ ಯಂತ್ರದ ಕಾಂಟಾಕ್ಟರು ಹಿಡಿಯದೆ ಸ್ಪಿಂಡಲ್ ತಿರುಗದು, ಕಡತದಲ್ಲಿ ಏನೇ ಬರೆದಿರಲಿ. ಹೀರುವ ಮೋಟಾರಿನ ಓವರ್‌ಲೋಡ್ ಬಿದ್ದರೆ ಕಾಂಟಾಕ್ಟರು ಬಿಡುತ್ತದೆ, ಸ್ಪಿಂಡಲೂ ನಿಲ್ಲುತ್ತದೆ. ಆದರೆ ಆಗ ತಲೆ ಚಲಿಸುತ್ತಲೇ ಇದ್ದರೆ, ತಿರುಗದ ಬಿಟ್ಟು ಮರಕ್ಕೆ ತಗುಲಿ ಮುರಿಯುತ್ತದೆ. ಆದ್ದರಿಂದ ಅದೇ ಕಾಂಟಾಕ್ಟರಿನ ಇನ್ನೊಂದು ಸಹಾಯಕ ಸಂಪರ್ಕವನ್ನು ನಿಯಂತ್ರಕದ ತಡೆ ಗುಂಡಿಯ ತಂತಿಗೆ ಸೇರಿಸುವುದು ಮಾಲೀಕನಿಗೂ ಲಾಭ.

ಈ ಬೀಗಕ್ಕೂ ಒಂದು ಮಿತಿಯಿದೆ. ಕಾಂಟಾಕ್ಟರು ಹಿಡಿದಿದೆ ಎಂದರೆ ಗಾಳಿ ಹರಿಯುತ್ತಿದೆ ಎಂದಲ್ಲ. ಚೀಲ ತುಂಬಿದ್ದರೂ ಕೊಳವೆ ಕಳಚಿದ್ದರೂ ಮೋಟಾರು ಓಡುತ್ತಲೇ ಇರುತ್ತದೆ. ಗಾಳಿಯ ಒತ್ತಡ ಅರಿಯುವ ಸ್ವಿಚ್ಚು ಇದಕ್ಕೆ ಪರಿಹಾರ, ಆದರೆ ಸಣ್ಣ ಬಡಗಿಯ ಮೇಲೆ ಅದನ್ನು ಹೇರುವುದು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಚೀಲ ಖಾಲಿ ಮಾಡಿದ ದಿನಾಂಕವನ್ನು ಗೋಡೆಯ ಹಾಳೆಯಲ್ಲಿ ಬರೆದಿಡುವಂತೆ ಕೇಳಿದರೆ ಸಾಕು. ಆ ಚೀಲವಿರುವ ಯಂತ್ರದಲ್ಲಿಯೇ ಕಬ್ಬಿಣ ಉಜ್ಜಿದ ಪುಡಿಯನ್ನು ಹೀರಿಸಬಾರದು. ಒಂದು ಕಿಡಿ ಒಳಹೊಕ್ಕರೆ ಒಣಧೂಳಿನ ಚೀಲ ಹೊತ್ತಿಕೊಳ್ಳುತ್ತದೆ.

ವಿದ್ಯುತ್ ಹೋಗಿ ಬಂದಾಗ

ಚೆಸ್ಕಾಂ ಲೈನಿನಲ್ಲಿ ವಿದ್ಯುತ್ ಹೋಗಿ ಬರುವುದನ್ನು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ. ತೋಟದ ಪಂಪಿಗೆ ರೈತರು ಆಟೋ ಸ್ಟಾರ್ಟರ್ ಹಾಕುವುದು, ರಾತ್ರಿ ಕರೆಂಟು ಬಂದೊಡನೆ ಪಂಪು ತಾನೇ ಹೊರಡಲೆಂದು. ‘ಸ್ವಯಂಚಾಲಿತ’ ಎಂಬ ಮಾತು ನಮ್ಮಲ್ಲಿ ಈ ಅರ್ಥದಲ್ಲಿಯೇ ಬೇರೂರಿದೆ. ಕೆತ್ತನೆಯ ಯಂತ್ರದಲ್ಲಿ ಇದು ಸಂಪೂರ್ಣ ತಲೆಕೆಳಗು. ಕರೆಂಟು ಹೋದಾಗ ಬಡಗಿಯು ಸಿಕ್ಕ ಬಿಟ್ಟನ್ನು ಬಿಡಿಸಲು ಕೈ ಒಳಗೆ ಹಾಕುತ್ತಾನೆ. ಅದೇ ವೇಳೆಗೆ ಕರೆಂಟು ಬಂದು ನಿಮಿಷಕ್ಕೆ 18,000 ಸುತ್ತಿನ ಸ್ಪಿಂಡಲ್ ತಾನಾಗಿ ಹೊರಟರೆ ಮುಂದಿನದನ್ನು ಬರೆಯಬೇಕಾಗಿಲ್ಲ.

ಹಳೆಯ ಹಸಿರು ಮತ್ತು ಕೆಂಪು ಗುಂಡಿಯ ಸ್ಟಾರ್ಟರಿನಲ್ಲಿ ಇದಕ್ಕೆ ಉಪಾಯವಿದೆ. ಕಾಂಟಾಕ್ಟರು ತನ್ನ ಸಂಪರ್ಕದ ಮೂಲಕವೇ ತನ್ನನ್ನು ಹಿಡಿದುಕೊಂಡಿರುತ್ತದೆ. ಕರೆಂಟು ಹೋದರೆ ಬಿಡುತ್ತದೆ, ಬಂದಾಗ ಹಸಿರು ಗುಂಡಿ ಒತ್ತುವ ತನಕ ಮತ್ತೆ ಹಿಡಿಯದು. ಕೆತ್ತನೆಯ ಯಂತ್ರದ ಮುಖ್ಯ ಸರಬರಾಜು ಇಂತಹ ಕಾಂಟಾಕ್ಟರಿನ ಮೂಲಕವೇ ಬರಬೇಕು, ಗೋಡೆಯ ಸಾಮಾನ್ಯ ಸ್ವಿಚ್ಚಿನಿಂದ ಅಲ್ಲ. ವಿಎಫ್‌ಡಿಯೊಳಗಿನ ಕೆಪಾಸಿಟರುಗಳಲ್ಲಿ ಕರೆಂಟು ಹೋದ ಮೇಲೂ ಕೆಲವು ನಿಮಿಷ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ ಎಂಬುದನ್ನೂ ಪೆಟ್ಟಿಗೆಯ ಮೇಲೆ ಬರೆಸಬೇಕು.

ಅಣಬೆಯಾಕಾರದ ಕೆಂಪು ತುರ್ತು ಗುಂಡಿಯನ್ನು ನಿಯಂತ್ರಕದ ತಂತಿಗೆ ಮಾತ್ರ ಸೇರಿಸಿರುವ ಯಂತ್ರಗಳಿವೆ. ನಿಯಂತ್ರಕವೇ ಸ್ತಬ್ಧವಾದಾಗ ಆ ಗುಂಡಿಯ ಮಾತನ್ನು ಕೇಳುವವರು ಯಾರು? ತುರ್ತು ಗುಂಡಿಯು ಮುಖ್ಯ ಕಾಂಟಾಕ್ಟರಿನ ಕಾಯಿಲಿನ ತಂತಿಯನ್ನು ನೇರವಾಗಿ ಕಡಿಯಬೇಕು. ಅದರ ಸಂಪರ್ಕ ಸದಾ ಕೂಡಿದ್ದು, ಒತ್ತಿದಾಗ ಬಿಡುವಂತಿರಬೇಕು. ಹಾಗಿದ್ದರೆ ಇಲಿ ತಂತಿ ಕಡಿದರೂ ಯಂತ್ರ ನಿಲ್ಲುತ್ತದೆ, ಓಡುವುದಿಲ್ಲ. ಮೇಜಿನ ಅಂಚಿನಲ್ಲಿ ತಲೆಯನ್ನು ತಡೆಯುವ ಮಿತಿ ಸ್ವಿಚ್ಚುಗಳಿಗೂ ಇದೇ ನ್ಯಾಯ. ಜಿಆರ್‌ಬಿಎಲ್‌ನ ತಡೆ ಗುಂಡಿಯು ಚಲನೆಯನ್ನು ಮಾತ್ರ ತಡೆಯುತ್ತದೆ, ಸ್ಪಿಂಡಲ್ ತಿರುಗುತ್ತಲೇ ಇರುತ್ತದೆ. ಅದನ್ನು ತುರ್ತು ಗುಂಡಿಯೆಂದು ತೋರಿಸಿದರೆ ಒಪ್ಪಬಾರದು.

ಭೂಸಂಪರ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಪಿಂಡಲಿನ ದೇಹ, ಮೇಜು, ವಿಎಫ್‌ಡಿ ಮೂರೂ ಒಂದೇ ಅರ್ಥಿಂಗ್ ಪಟ್ಟಿಗೆ ಬಂದಿರಬೇಕು. ಸ್ಪಿಂಡಲಿನ ದಪ್ಪ ತಂತಿಯೂ ಮಿತಿ ಸ್ವಿಚ್ಚಿನ ಸಣ್ಣ ತಂತಿಯೂ ಒಂದೇ ಕೊಳವೆಯಲ್ಲಿ ಹಾಯಬಾರದು. ಯಂತ್ರ ಸುಮ್ಮಸುಮ್ಮನೆ ನಿಲ್ಲುತ್ತದೆ ಎಂಬ ಬಡಗಿಗಳ ದೂರು ಬಹಳ ಸಲ ಇಲ್ಲಿಂದಲೇ ಹುಟ್ಟುವುದು.

ಸ್ಥಳ ಪರಿಶೀಲನೆ ಮತ್ತು ನಿರ್ಣಯದ ಒಕ್ಕಣೆ

ಅನುಮತಿಗೆ ಮೊದಲು ವಾರ್ಡಿನ ಸದಸ್ಯರು ಅಭಿವೃದ್ಧಿ ಅಧಿಕಾರಿಯೊಡನೆ ಸ್ಥಳಕ್ಕೆ ಹೋಗಿ ಹತ್ತು ನಿಮಿಷದಲ್ಲಿ ಮೂರು ಪರೀಕ್ಷೆ ಮಾಡಬಹುದು. ಇವುಗಳಿಗೆ ಎಂಜಿನಿಯರ್ ಬೇಕಾಗಿಲ್ಲ. ಬಿಟ್ಟು ಕಳಚಿಸಿ, ಯಂತ್ರದಿಂದ ದೂರ ನಿಂತು, ಮಾಲೀಕನಿಂದಲೇ ಮಾಡಿಸಬೇಕು. ಹೀರುವ ಯಂತ್ರವನ್ನು ಆರಿಸಿಟ್ಟು ಸ್ಪಿಂಡಲನ್ನು ಹೊರಡಿಸಲು ಹೇಳಿರಿ; ಅದು ಹೊರಡಬಾರದು. ಎರಡೂ ಓಡುತ್ತಿರುವಾಗ ಮುಖ್ಯ ಸ್ವಿಚ್ಚನ್ನು ಆರಿಸಿ, ಸ್ಪಿಂಡಲ್ ಪೂರ್ತಿ ನಿಂತ ಮೇಲೆ ಮತ್ತೆ ಹಾಕಿಸಿರಿ. ಯಾವುದೂ ತಾನಾಗಿ ಹೊರಡಬಾರದು. ಇನ್ನೊಮ್ಮೆ ಓಡಿಸಿ ತುರ್ತು ಗುಂಡಿ ಒತ್ತಿಸಿರಿ. ಎಲ್ಲವೂ ನಿಲ್ಲಬೇಕು, ಗುಂಡಿಯನ್ನು ಬಿಡಿಸಿದ ಮಾತ್ರಕ್ಕೆ ಮತ್ತೆ ಹೊರಡಬಾರದು. ಫಲಿತಾಂಶವನ್ನು ಮಹಜರಿನಲ್ಲಿ ಬರೆದು ಸಹಿ ಮಾಡಿಸಿ ಕಡತದಲ್ಲಿ ಇಡತಕ್ಕದ್ದು.

ಸದ್ದಿಗೆ ನಾವು ಹೊಸ ಅಳತೆ ಕಂಡುಹಿಡಿಯಬೇಕಾಗಿಲ್ಲ. ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರಂತೆ ವಸತಿ ಪ್ರದೇಶದಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಶಾಲೆ, ಆಸ್ಪತ್ರೆಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ ಇದು 50 ಮತ್ತು 40. ಮೊಬೈಲಿನ ಅಳತೆ ಅಂದಾಜಿಗೆ ಸಾಕು, ವಿವಾದಕ್ಕೆ ಸಾಲದು. ಹೀರುವ ಯಂತ್ರವನ್ನು ಇಟ್ಟಿಗೆಯ ಪ್ರತ್ಯೇಕ ಗೂಡಿನಲ್ಲಿ ಇರಿಸುವ, ಅದರ ಗಾಳಿಯ ಬಾಯಿ ಮನೆಗಳತ್ತ ತಿರುಗದಿರುವ, ರಾತ್ರಿ ಯಂತ್ರ ನಡೆಸದಿರುವ ಷರತ್ತುಗಳು ಈ ಮಿತಿಯನ್ನು ಪಾಲಿಸಲು ನೆರವಾಗುತ್ತವೆ. ಸ್ವಯಂಚಾಲಿತ ಯಂತ್ರವಾದ್ದರಿಂದ ರಾತ್ರಿಯಿಡೀ ಓಡಲಿ ಎಂಬ ಆಸೆ ಮಾಲೀಕನಿಗೆ ಇರುವುದು ಸಹಜ. ಆಳಿಲ್ಲದೆ ಮರದ ಧೂಳಿನ ನಡುವೆ ಓಡುವ ಯಂತ್ರಕ್ಕೆ ಬೆಂಕಿಯ ದೃಷ್ಟಿಯಿಂದಲೂ ಒಪ್ಪಿಗೆ ಕೊಡಲಾಗದು.

ನಿರ್ಣಯದ ಒಕ್ಕಣೆ ಹೀಗಿರಬಹುದು: ‘ಧೂಳು ಹೀರುವ ಯಂತ್ರವು ಚಾಲನೆಯಲ್ಲಿಲ್ಲದೆ ಸ್ಪಿಂಡಲ್ ತಿರುಗದಂತೆ ತಂತಿಯ ಮೂಲಕ ಬಂಧಿಸಿರತಕ್ಕದ್ದು, ವಿದ್ಯುತ್ ಮರಳಿದಾಗ ಯಂತ್ರವು ತಾನಾಗಿ ಆರಂಭವಾಗತಕ್ಕದ್ದಲ್ಲ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಯಂತ್ರ ನಡೆಸತಕ್ಕದ್ದಲ್ಲ.’ ಇವು ಮೂರೂ ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಸಂಗತಿಗಳು. ಅನುಮತಿ ನಿರಾಕರಿಸುವುದಾದರೂ ಯಾವ ಪರೀಕ್ಷೆಯಲ್ಲಿ ಯಂತ್ರ ಸೋತಿತೆಂದು ಬರೆಯಬಹುದು, ಅರ್ಜಿದಾರನು ಸರಿಪಡಿಸಿ ಮತ್ತೆ ಬರಬಹುದು.

ಸಾಲದ ಕುರಿತು ಒಂದು ಸೂಚನೆ

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯದೂ ಒಂದು. ಅರ್ಜಿಯ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯತಿಯಲ್ಲಿಯೇ ನಡೆಯುತ್ತದೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇಕಡ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ರೂಪಾಯಿವರೆಗೆ ಸಾಲ ದೊರೆಯುತ್ತದೆ. ಬಾಗಿಲು ಕೆತ್ತುವ ದೊಡ್ಡ ಯಂತ್ರಕ್ಕೆ ಇದು ಸಾಲದೆಂದು ಕೆಲವರು ಪಿಎಂಇಜಿಪಿ ಕಡೆಗೆ ಹೋಗುತ್ತಾರೆ. ಅಲ್ಲಿ ಗ್ರಾಮೀಣ ಪ್ರದೇಶದ ಸಾಮಾನ್ಯ ವರ್ಗಕ್ಕೆ ಶೇಕಡ 25, ಮಹಿಳೆಯರೂ ಪರಿಶಿಷ್ಟರೂ ಸೇರಿದಂತೆ ವಿಶೇಷ ವರ್ಗಕ್ಕೆ ಶೇಕಡ 35 ಸಹಾಯಧನವಿದೆ. ಆದರೆ ಹಿಂದಿನ ಐದು ವರ್ಷಗಳಲ್ಲಿ ಪಿಎಂಇಜಿಪಿ ಸಾಲ ಪಡೆದವರು ವಿಶ್ವಕರ್ಮಕ್ಕೆ ಅರ್ಹರಲ್ಲ; ವಿಶ್ವಕರ್ಮದ ಲಾಭ ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಯಾವುದಕ್ಕೆ ಮೊದಲು ಅರ್ಜಿ ಎಂಬುದನ್ನು ಬಡಗಿಯು ಸಹಿ ಹಾಕುವ ಮುನ್ನವೇ ಸದಸ್ಯರು ತಿಳಿಸಿಕೊಡಬೇಕು. ಎರಡರಲ್ಲಿಯೂ ಯಂತ್ರದ ದರಪಟ್ಟಿ ತರಿಸುವಾಗ ಹೀರುವ ಯಂತ್ರ, ಕಾಂಟಾಕ್ಟರ್ ಪೆಟ್ಟಿಗೆ ಮತ್ತು ತುರ್ತು ಗುಂಡಿಯ ಜೋಡಣೆಯನ್ನು ಅದೇ ದರಪಟ್ಟಿಯಲ್ಲಿ ಸೇರಿಸಲು ಹೇಳಿರಿ. ಸಾಲದಲ್ಲಿ ಸೇರದ ಉಪಯಂತ್ರವನ್ನು ಆಮೇಲೆ ಕೈಯಿಂದ ಹಣ ಹಾಕಿ ಕೊಳ್ಳುವವರು ವಿರಳ.

ಯಂತ್ರ ನಡೆಸುವ ಯುವಕರು ವಿದ್ಯುತ್ ಜೋಡಣೆಯ ವಿಷಯದಲ್ಲಿ ತರಬೇತಿ ಬಯಸಿದರೆ ಹಾಸನದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವನ್ನು ಹಾಗೂ ತಾಲ್ಲೂಕಿನ ಕೈಗಾರಿಕಾ ತರಬೇತಿ ಸಂಸ್ಥೆಯನ್ನು ವಿಚಾರಿಸಲು ತಿಳಿಸಬಹುದು. ಜೋಡಣೆಯ ನಕ್ಷೆಯ ಒಂದು ಪ್ರತಿಯನ್ನು ಅರ್ಜಿದಾರರಿಂದ ಪಡೆದು ಅನುಮತಿ ಕಡತಕ್ಕೆ ಸೇರಿಸತಕ್ಕದ್ದು. ನವೀಕರಣದ ಸಮಯದಲ್ಲಿ ಮೇಲಿನ ಮೂರು ಪರೀಕ್ಷೆಗಳನ್ನು ಅದೇ ನಕ್ಷೆಯನ್ನು ಮುಂದಿಟ್ಟುಕೊಂಡು ಮತ್ತೊಮ್ಮೆ ನಡೆಸತಕ್ಕದ್ದು.